ದೇಸಾಯರ ಬಾಯಿಂದಲೇ ಬಂದ ಹೆಸರು

ದೇಶದ ಮೊದಲ ಚುನಾವಣೆಗೆ ಮತದಾರರ ಪಟ್ಟಿ ಬರೆಯುತ್ತಿದ್ದ ಕಾಲ. ಹೆಣ್ಣುಮಕ್ಕಳಿಗೂ ಮತವಿತ್ತು. ಆದರೆ 'ಇಂಥವರ ಹೆಂಡತಿ' ಎಂದು ಬರೆಸಿದರೆ ನಡೆಯದು, ಆಕೆಯದೇ ಹೆಸರು ಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

"ನಮ್ಮ ವಾಡೇದ ಹೆಣಮಕ್ಕಳ ಹೆಸರು ಹೊರಗಿನವರ ಕಿವಿಗೆ ಬೀಳಬಾರದು. ಹೇಳಿದವರು ಈ ಊರಾಗ ಇರೂದಿಲ್ಲ," ಎಂದು ಊರ ಧಣಿ ದೇಸಾಯರು ಪಟ್ಟಿ ಬರೆಯಲು ಬಂದ ಗುಮಾಸ್ತನನ್ನು ವಾಡೇದ ಬಾಗಿಲಿನಿಂದಲೇ ಹಿಂದಕ್ಕಟ್ಟಿದರು. ಪಟ್ಟಿ ಮುಗಿಯಲು ಉಳಿದದ್ದು ಮರುದಿನ ಮಾತ್ರ.

"ನನಗೂ ಓಟು ಹಾಕೂ ಆಸೆ ಇತ್ತು," ಎಂದರು ದೇಸಾಯರ ಹೆಂಡತಿ, ಅಡಿಗೆಮನೆಯಲ್ಲಿ.

"ನಾಳೆ ಮದಿವಿ ದಿಬ್ಬಣ ಬರತೈತಲ್ರಿ ಅವ್ವಾರ," ಎಂದಳು ಅಡಿಗೆಯಾಕೆ. "ಆ ಗುಮಾಸ್ತಪ್ಪಗೂ ಊಟಕ್ಕ ಹೇಳಿ ಕಳಸ್ರಿ."

ಮರುದಿನ ದೇಸಾಯರ ಮಗ ಹೊಸ ಸೊಸೆಯೊಂದಿಗೆ ಹೊಸ್ತಿಲಿಗೆ ಬಂದ. ನಮ್ಮ ಕಡೆ ಒಡಪು ಎಂಬ ಪದ್ಧತಿಯಿದೆ. ಪ್ರಾಸ ಕಟ್ಟಿ ಹೆಂಡತಿಯ ಹೆಸರು ಹೇಳದೆ ಗಂಡ ಒಳಗೆ ಬರುವಂತಿಲ್ಲ. ಮಗ ನಾಚುತ್ತ ಹೇಳಿ ಒಳಗೆ ಹೋದ. ಹಿಂದೆಯೇ ದೇಸಾಯರು ಬಂದರು. ಅಡಿಗೆಯಾಕೆ ಬಾಗಿಲಿಗೆ ಅಡ್ಡ ಕೈ ಚಾಚಿದಳು.

"ನೀವೂ ಹೇಳ್ರಿ ಧಣ್ಯಾರ."

"ಈ ವಯಸ್ಸಿನಾಗ?"

"ಹೋಳಿಗಿ ಆರಾಕತ್ತಾವು. ಬೀಗರು ನಗಾಕತ್ತಾರ."

ಬೀಗರು ನಿಜಕ್ಕೂ ನಗುತ್ತಿದ್ದರು. ಒಡಪು ಬಾರದ ಗಂಡಸೆಂದರೆ ಯಾರಿಗೂ ನಗುವೇ. ದೇಸಾಯರು ಮೀಸೆ ತೀಡಿ ದೊಡ್ಡ ದನಿ ತೆಗೆದರು:

"ಬಿಸಿ ಹೋಳಿಗಿ ಮ್ಯಾಲೆ ತುಪ್ಪ,
ನೀಲಗಂಗವ್ವನ ಹೆಸರು ಹೇಳಿದರೇನು ತಪ್ಪ?"

"ಏನೂ ತಪ್ಪಿಲ್ರಿ," ಎನ್ನುತ್ತ ಚಪ್ಪರದ ಮೂಲೆಯಲ್ಲಿ ಕೂತಿದ್ದ ಗುಮಾಸ್ತ ಬರೆದುಕೊಂಡ.

ದೇಸಾಯರು ಅಡಿಗೆಯಾಕೆಯನ್ನು ದುರುಗುಟ್ಟಿ ನೋಡಿದರು.

"ಹೆಸರು ಹೇಳಿದವರು ಊರಾಗ ಇರೂದಿಲ್ಲ ಅಂದಿದ್ರಿ," ಎಂದಳು ಆಕೆ, ಅಡ್ಡಗೈ ತೆಗೆಯುತ್ತ. "ಊಟ ಆದರೂ ಮಾಡಿ ಹೋಗ್ರಿ ಧಣ್ಯಾರ."