ಸ್ಮಶಾನದ ವಾರಸುದಾರ

ಅಣೆಕಟ್ಟು ಕಟ್ಟುವಾಗ ಸತ್ತ ಕೂಲಿಗಳ ಸ್ಮಶಾನಕ್ಕೆ ತಿಪ್ಪಯ್ಯ ಕಾವಲುಗಾರ. ಒಂದು ಬೆಳಿಗ್ಗೆ ಅಲ್ಲಿಗೆ ಜೆಸಿಬಿ ಸಮೇತ ಸಾಹೇಬರು ಬಂದರು. ಅವರಿಗೆ ಆ ಜಾಗದಲ್ಲಿ ಉದ್ಯಾನ ಆಗಬೇಕಿತ್ತು.

"ಹತ್ತು ವರ್ಷದಿಂದ ಇಲ್ಲಿ ಯಾರನ್ನೂ ಹೂತಿಲ್ಲ. ಸಮಾಧಿ ನೋಡೋಕೆ ವಾರಸುದಾರರೂ ಬರಲ್ಲ. ಕಾನೂನಿನ ಪ್ರಕಾರ ಇದು ಪಾಳು ಸ್ಮಶಾನ. ಮೂಳೆಗಳನ್ನೆಲ್ಲ ಬೇರೆ ಕಡೆ ಸಾಗಿಸ್ತೀವಿ" ಎಂದರು.

"ಹೋದ ವರ್ಷ ಹೂತಿದ್ದೀವಲ್ಲ ಸ್ವಾಮಿ" ಎಂದ ತಿಪ್ಪಯ್ಯ. ಊರುಗೋಲು ಊರಿಕೊಂಡು ಅವರನ್ನು ಬೇಲಿ ಪಕ್ಕದ ಪುಟ್ಟ ಗುಡ್ಡೆಯ ಹತ್ತಿರ ಕರೆದುಕೊಂಡು ಹೋದ. ಅದರ ಮೇಲೆ ಅವತ್ತೇ ಇಟ್ಟ ಕಣಗಿಲೆ ಹೂವಿತ್ತು.

"ಯಾರದು ಇದು?"

"ನನ್ನ ಬಲಗಾಲು. ಸಕ್ಕರೆ ಕಾಯಿಲೆ ಅಂತ ಆಸ್ಪತ್ರೆಯಲ್ಲಿ ಕತ್ತರಿಸಿ ಕೈಗೆ ಕೊಟ್ಟರು. ಹೂತಿದ್ದಕ್ಕೆ ಪಂಚಾಯ್ತಿ ಚೀಟಿ ಇದೆ. ವಾರಸುದಾರ ದಿನಾ ಬರ್ತಾನೆ, ಈಗ ನಿಮ್ಮ ಮುಂದೆಯೇ ಇದ್ದಾನೆ. ಸಾಗಿಸೋಕೆ ಅವನ ಒಪ್ಪಿಗೆ ಇಲ್ಲ."

ಸಾಹೇಬರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಕಾನೂನಿನ ಪುಸ್ತಕ ತೆಗೆದರು. ಇಡೀ ಮನುಷ್ಯನನ್ನೇ ಹೂಳಬೇಕು ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಜೆಸಿಬಿ ಬಂದ ದಾರಿಯಲ್ಲೇ ಹಿಂದಿರುಗಿತು.

ಜೀಪು ಹತ್ತುವಾಗ ಸಾಹೇಬರು ನಗುತ್ತಾ, "ಗೆದ್ದೆ ಬಿಡಪ್ಪ" ಎಂದರು.

ತಿಪ್ಪಯ್ಯ ನಗಲಿಲ್ಲ. "ಏನು ಗೆದ್ದೆ ಸ್ವಾಮಿ. ಇಲ್ಲಿ ಮಲಗಿರೋರಿಗೆಲ್ಲ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಎರಡೆರಡು ಕಾಲಿರೋರು. ಬೇಸಿಗೆ ರಜೆಗೆ ಅಣೆಕಟ್ಟು ನೋಡೋಕೆ ಬಂದು ಫೋಟೋ ತೆಗೆಸಿಕೊಂಡು ಹೋಗ್ತಾರೆ. ಈ ಗೇಟು ದಾಟಿ ಬರೋನು ಮಾತ್ರ ನಾನೊಬ್ಬ, ಒಂಟಿ ಕಾಲಿನವನು."