ಏಳ ನಿಂಗಿ, ಏಳ

"ಗುರುಗಳೇ, ಬೇರೆ ಬೇರೆ ಬಗೆಯ ಹಾಡುಗಳು ಒಂದುಗೂಡಿದರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಅಂದು ಬೆಳಿಗ್ಗೆ ಹೆಸರಾಂತ ಪಾಪ್ ಗಾಯಕನೊಬ್ಬನ ಕಡೆಯವರು ಮಠಕ್ಕೆ ಬಂದಿದ್ದರು. ಅವನ ಹೊಸ ಆಲ್ಬಮ್ಮಿಗೆ ಗುರುಗಳು ಒಂದು ತತ್ವಪದ ಹಾಡಿಕೊಡಬೇಕೆಂದು ಬೇಡಿದ್ದರು. ಗುರುಗಳು ಅವರಿಗೆ ಮಜ್ಜಿಗೆ ಕೊಟ್ಟು, ಆಗದೆಂದು ಹೇಳಿ ಕಳಿಸಿದ್ದರು. ಶಿಷ್ಯನಿಗೆ ಅದು ಸರಿಬಂದಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಈ ಮಠಕ್ಕೆ ನಡೆದುಕೊಳ್ಳುವ ಫಕೀರವ್ವ ಎಂಬ ಹೆಂಗಸೊಬ್ಬಳಿದ್ದಾಳೆ. ಸಾವಿನ ಮನೆಯಲ್ಲಿ ಹಾಡುವುದು ಅವಳ ಕೆಲಸವಾಗಿತ್ತು. ಊರಿನಲ್ಲಿ ಯಾರು ತೀರಿಕೊಂಡರೂ ಅವಳಿಗೆ ಹೇಳಿಕಳಿಸುತ್ತಿದ್ದರು. ಅವಳು ಹೋಗಿ ಹೆಣದ ತಲೆದೆಸೆಗೆ ಕುಳಿತು, ಸತ್ತವರ ಹೆಸರು ಹಿಡಿದು 'ಏಳು' ಎಂದು ಕರೆಯುತ್ತಿದ್ದಳು. ಅವರು ಉತ್ತ ಹೊಲ, ಹೆತ್ತ ಮಕ್ಕಳು, ಅರ್ಧಕ್ಕೆ ಬಿಟ್ಟುಹೋದ ಕೆಲಸ, ಒಂದೊಂದನ್ನೂ ಹೇಳಿ ಕರೆಯುತ್ತಿದ್ದಳು. ಅಲ್ಲಿಯವರೆಗೆ ಕಲ್ಲಿನಂತೆ ಕೂತವರು ಆಗ ಅಳುತ್ತಿದ್ದರು. ಅತ್ತು ಹಗುರಾಗಿ, ಎದ್ದು ಚಟ್ಟ ಕಟ್ಟುತ್ತಿದ್ದರು.

ಅವಳ ಒಬ್ಬಳೇ ಮಗಳು ನಿಂಗಿ ಚೊಚ್ಚಲ ಹೆರಿಗೆಯಲ್ಲಿ ಕೂಸನ್ನು ಉಳಿಸಿ ತಾನು ಹೋದಳು. ಆ ದಿನ ಊರೆಲ್ಲ ಅಂಗಳದಲ್ಲಿ ನೆರೆದು ಫಕೀರವ್ವನ ಬಾಯಿ ನೋಡಿತು. ಅವಳ ಗಂಟಲಿನಿಂದ ದನಿ ಹೊರಡಲಿಲ್ಲ. ಊರಿನ ಹೆಣಗಳಿಗೆಲ್ಲ ಹಾಡಿದವಳು ಹೊಟ್ಟೆಯ ಮಗಳನ್ನು ಹಾಗೆಯೇ ಕಳಿಸಿದೆನಲ್ಲ ಎಂಬ ಕೊರಗು ಅವಳನ್ನು ಐದು ವರ್ಷ ತಿಂದಿತು.

ಇವತ್ತು ಜನ ಕಳಿಸಿದ್ದನಲ್ಲ, ಆ ಗಾಯಕ ಆಗ ಇಂಥದೇ ಒಂದು ಆಲ್ಬಮ್ ಮಾಡುತ್ತಿದ್ದ. ಎಂಟು ಹಾಡು, ಹಾಡಿಗೊಬ್ಬ ಅತಿಥಿ. ಕವ್ವಾಲಿಯವನೊಬ್ಬ, ಸ್ಯಾಕ್ಸೋಫೋನಿನವನೊಬ್ಬ, ರ‍್ಯಾಪ್ ಹಾಡುವವನೊಬ್ಬ, ಹೀಗೆ. ಕೊನೆಯ ಹಾಡಿಗೆ ಫಕೀರವ್ವನನ್ನು ಕರೆಸಿದ. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ನಿಲ್ಲಿಸಿದಾಗ ಅವಳು, "ಹೆಣ ಇಲ್ಲದ ಹೆಂಗ ಹಾಡ್ಲಿರೀ?" ಎಂದಳು.

"ನಿಮ್ಮವರು ಯಾರನ್ನಾದರೂ ನೆನೆಸಿಕೊಳ್ಳಿ ಅಮ್ಮ" ಎಂದ ಗಾಯಕ.

ಅವಳು ಕಣ್ಣು ಮುಚ್ಚಿದಳು. ಮಗಳ ಹೆಸರಿಗೆ ಐದು ವರ್ಷ ಕಟ್ಟಿದ್ದ ಗಂಟಲು ಅಲ್ಲಿ ಬಿಚ್ಚಿತು. "ಏಳ ನಿಂಗಿ ಏಳ, ಹೊತ್ತ ಏರೈತಿ ಏಳ, ಕೂಸ ಹಸದೈತಿ ಏಳ" ಎಂದು ಕರೆದಳು. ಹಾಡಿ ಮುಗಿಸಿ ಕಣ್ಣು ತೆರೆದರೆ ಗಾಜಿನ ಆಚೆ ಇದ್ದವರು ಚಪ್ಪಾಳೆ ತಟ್ಟುತ್ತಿದ್ದರು. ಹೆಣದ ಹಾಡಿಗೆ ಚಪ್ಪಾಳೆ ತಟ್ಟುವುದನ್ನು ಅವಳು ಕಂಡಿರಲಿಲ್ಲ. ಆದರೂ ಎದೆ ಹಗುರಾಗಿತ್ತು. ಕೊನೆಗೂ ಮಗಳಿಗೆ ಹಾಡಿದೆನೆಂದುಕೊಂಡು, ಗಾಯಕನಿಗೆ ಕೈಮುಗಿದು ಬಸ್ಸು ಹತ್ತಿದಳು.

ಆರು ತಿಂಗಳ ಮೇಲೆ ಅವಳ ಊರಿನಲ್ಲಿ ಒಂದು ಮದುವೆ. ಮೆರವಣಿಗೆಯ ಮುಂದೆ ಆಳೆತ್ತರದ ಸ್ಪೀಕರುಗಳು. ಅವುಗಳಿಂದ ಅವಳದೇ ದನಿ ಬಂತು. ಹೊತ್ತು ಏರಿದ್ದೂ ಇಲ್ಲ, ಕೂಸು ಹಸಿದದ್ದೂ ಇಲ್ಲ. 'ಏಳ ನಿಂಗಿ ಏಳ' ಎಂಬಷ್ಟನ್ನೇ ಕತ್ತರಿಸಿ, ಎದೆ ನಡುಗುವ ಡ್ರಮ್ಮಿನ ಮೇಲೆ ಮತ್ತೆ ಮತ್ತೆ ಕೂಡಿಸಿದ್ದರು. ನಡುನಡುವೆ ಗಾಯಕ, ಎದ್ದು ಬಾರೇ, ನಡು ಕುಣಿಸೇ ಎಂದು ಹಾಡುತ್ತಿದ್ದ. ಹುಡುಗರು ಕುಡಿದು ಕುಣಿಯುತ್ತಿದ್ದರು. ಅವರ ಮಧ್ಯೆ ಅವಳ ಮೊಮ್ಮಗಳು, ನಿಂಗಿ ಉಳಿಸಿಹೋದ ಕೂಸು, ಎರಡೂ ಕೈ ಮೇಲೆತ್ತಿ ಕುಣಿಯುತ್ತಿತ್ತು. ಫಕೀರವ್ವ ಅದನ್ನು ಎತ್ತಿಕೊಂಡು ಮನೆಗೆ ಬಂದು ಕದ ಹಾಕಿದಳು. ಕದ ಹಾಕಿದರೂ ಹಾಡು ಒಳಗೆ ಬಂತು.

ಮರುದಿನವೇ ಅವಳು ನಗರಕ್ಕೆ ಹೋದಳು. ಗಾಯಕ ಎದ್ದು ಬಂದು ಕಾಲು ಮುಟ್ಟಿದ, ಕುರ್ಚಿ ಹಾಕಿಸಿದ.

"ಎಂಟರಲ್ಲಿ ನಿಮ್ಮ ಹಾಡೇ ಎಲ್ಲಕ್ಕಿಂತ ಮೇಲಿದೆ ಅಮ್ಮ. ನಿಮ್ಮ ಹೆಸರನ್ನು ನನ್ನ ಹೆಸರಿನ ಪಕ್ಕದಲ್ಲೇ ಹಾಕಿದ್ದೇನೆ, ನೋಡಿದಿರಾ?"

"ನನ್ನ ಹೆಸರಿನ ಮಾತಲ್ರೀ" ಎಂದಳು ಫಕೀರವ್ವ. "ಸತ್ತ ಮಗಳನ್ನ ಎಬ್ಬಸಾಕ ನಾ ಕರದಿದ್ದೆ. ನೀವು ಕುಡದ ಮಂದೀನ ಎಬ್ಬಿಸಿ ಕುಣಸೀರಿ."

ಗಾಯಕನ ಮುಖ ಇಳಿಯಿತು. "ನನಗೆ ಗೊತ್ತಿರಲಿಲ್ಲ" ಎಂದ. ಆಮೇಲೆ ಅವನ ಕಣ್ಣು ಹೊಳೆಯಿತು. "ಇದನ್ನೇ ಕ್ಯಾಮೆರಾದ ಮುಂದೆ ಹೇಳಿ ಅಮ್ಮ. ಬರೀ ಪಿಟೀಲು ಇಟ್ಟುಕೊಂಡು ಇನ್ನೊಮ್ಮೆ ನಿಧಾನವಾಗಿ ಹಾಡಿಸೋಣ. ಕೇಳಿದವರೆಲ್ಲ ಅತ್ತುಬಿಡುತ್ತಾರೆ."

ಬಾಯಿತುಂಬ ಬೈಯಬೇಕೆಂದೇ ಅವಳು ಅಷ್ಟು ದೂರ ಹೋಗಿದ್ದಳು. ಬೈದರೆ ಅದೂ ಇವನಿಗೆ ಒಂದು ಹಾಡಾದೀತೆಂದು ಹಲ್ಲು ಕಚ್ಚಿ ಎದ್ದು ಬಂದಳು.

ಮುಂದಿನ ತಿಂಗಳು ಊರಿನ ಮುದಿ ಕುಂಬಾರನೊಬ್ಬ ತೀರಿಕೊಂಡ. ಎಂದಿನಂತೆ ಫಕೀರವ್ವನಿಗೆ ಹೇಳಿಕಳಿಸಿದರು. ಅವಳು ತಲೆದೆಸೆಗೆ ಕುಳಿತು, ಕುಂಬಾರನ ಹೆಸರು ಹಿಡಿದು ಏಳು ಎಂದು ಕರೆದಳು. ಬಾಗಿಲ ಬಳಿ ನಿಂತವನೊಬ್ಬ ನಗು ತಡೆಯಲು ಬಾಯಿಗೆ ಟವೆಲ್ಲು ಒತ್ತಿಕೊಂಡ. ಹೆಣದ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗ ಅಳುತ್ತಲೇ ಇದ್ದ. ಆದರೆ ಅವನ ಕಾಲು ತಾನಾಗಿ ತಾಳ ಹಾಕತೊಡಗಿತು. ಅದು ಅವನಿಗೆ ಗೊತ್ತಾಗಲೂ ಇಲ್ಲ. ಕುಂಬಾರನ ಮುದುಕಿ ಆ ಕಾಲನ್ನು ನೋಡಿದಳು. ಫಕೀರವ್ವನೂ ನೋಡಿದಳು. ಹಾಡು ಅಲ್ಲಿಗೇ ನಿಂತಿತು.

ಮತ್ತೆ ಅವಳು ಹಾಡಿಲ್ಲ. ಆ ಊರಿನಲ್ಲಿ ಈಗ ಜನ ಅಳು ಬಾರದೆ ಹೆಣ ಹೊರುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

"ಆ ಹಾಡು ನನಗೂ ಬಾಯಿಪಾಠ, ಗುರುಗಳೇ. ನೂರು ಸಲ ಕೇಳಿದ್ದೇನೆ. ಅದರ ಹಿಂದೆ ಹೀಗೊಂದು ಸಾವಿದೆಯೆಂದು ಯಾರೂ ಹೇಳಲಿಲ್ಲವಲ್ಲ" ಎಂದ ಶಿಷ್ಯ.

"ಹಾಡನ್ನು ನೂರು ಸಲ ಕೇಳಿದವನು, ನಿಂಗಿ ಯಾರೆಂದು ಒಂದು ಸಲವಾದರೂ ಕೇಳಿದೆಯಾ?" ಎಂದರು ಗುರುಗಳು.