ಕಂಕುಳ ಪಿಸ್ತೂಲು

ಘಟಪ್ರಭೆಯ ದಡದಲ್ಲಿ ಚೆನ್ನವೀರಜ್ಜನ ಆಶ್ರಮವಿತ್ತು. ನಾಲ್ಕು ತಗಡಿನ ಖೋಲಿ, ಒಂದು ಅಡುಗೆಮನೆ, ಒಂದು ಬೇವಿನ ಮರ.

ಸನ್ಯಾಸಿಯಾಗುವ ಮೊದಲು ಅಜ್ಜ ಇಪ್ಪತ್ತೆರಡು ವರ್ಷ ಫೌಜಿನಲ್ಲಿದ್ದವರು. ಕೆಟ್ಟ ಬಂದೂಕುಗಳನ್ನು ಬಿಚ್ಚಿ ಸರಿಮಾಡುವುದು ಅಲ್ಲಿ ಅವರ ಕೆಲಸ. ಈಗ ಅವರ ಹತ್ತಿರ ಮನುಷ್ಯರು ಬರುತ್ತಿದ್ದರು.

"ಬಂದೂಕ ರಿಪೇರಿ ಸಸಾರ ಇತ್ತು," ಎನ್ನುತ್ತಿದ್ದರು ಅಜ್ಜ.

ಯುಗಾದಿ ಕಳೆದು ಒಂದು ವಾರ. ನಡುಮಧ್ಯಾಹ್ನದ ಬಿಸಿಲಲ್ಲಿ ಪರ್ವತಗೌಡ ದಪ್ಪನೆಯ ಕೋಟು ಹಾಕಿಕೊಂಡು ಬಂದ.

ಅವನು ಹತ್ತು ವರ್ಷದ ಶಿಷ್ಯ. ಕಲ್ಲಿನ ಕ್ವಾರಿಯ ಮಾಲೀಕ. ಬಂದ ಕೂಡಲೇ ಉದ್ದಕ್ಕೆ ಅಡ್ಡಬೀಳುವುದು ಅವನ ರೂಢಿ. ಅಂದು ಅರ್ಧಕ್ಕೆ ಬಾಗಿ, ಎಡಪಕ್ಕೆ ಹಿಡಿದುಕೊಂಡು, ಹಾಗೇ ಎದ್ದ.

"ನಡ ಹಿಡದೈತೇನಪಾ?" ಅಜ್ಜ ಕೇಳಿದರು.

"ಇಲ್ರಿ ಅಜ್ಜಾರ."

"ಥಂಡಿ ಜ್ವರ?"

"ಇಲ್ರಿ."

"ಮತ್ತ ಈ ಕೋಟು?"

ಪರ್ವತಗೌಡ ಅತ್ತಿತ್ತ ನೋಡಿ ಕೋಟನ್ನು ಸರಿಸಿದ. ಎರಡೂ ಹೆಗಲಿಗೆ ತೊಗಲಿನ ಪಟ್ಟಿ. ಎಡಗಂಕುಳಲ್ಲಿ ಹೋಲ್‌ಸ್ಟರ್. ಅದರೊಳಗೆ ಅಡ್ಡಡ್ಡ ಮಲಗಿದ ಕರಿಯ ಪಿಸ್ತೂಲು.

"ಲೈಸನ್ಸ್ ಐತ್ರಿ," ಅಂದ, ಕೇಳುವ ಮೊದಲೇ.

"ಯಾರ ಸಲುವಾಗಿ?"

"ಯಮನಪ್ಪನ ಸಲುವಾಗಿರಿ."

ಯಮನಪ್ಪ ಅವನ ಬಾಲ್ಯದ ಗೆಳೆಯ. ಹದಿನೈದು ವರ್ಷ ಇಬ್ಬರೂ ಕೂಡಿ ಕ್ವಾರಿ ನಡೆಸಿದವರು. ಹೋದ ವರ್ಷ ಪಾಲಾದಾಗ ಗುಡ್ಡ ಎರಡಾಯಿತು, ಲಾರಿ ಹೋಗುವ ದಾರಿ ಮಾತ್ರ ಒಂದೇ ಉಳಿಯಿತು. ಆ ದಾರಿಗಾಗಿ ಜಗಳ.

"ಹತ್ತು ಮಂದಿ ಮುಂದ 'ನಿನ್ನ ನೋಡ್ಕೋತೀನಿ' ಅಂದಾನ್ರಿ. ಮತ್ತ ಹೆಸರು ನೋಡ್ರಿ, ಯಮನಪ್ಪ."

"ಅದು ಅವರಜ್ಜನ ಹೆಸರು. ಆ ಮನಿಷ್ಯಾ ಕುರಿಮರಿ ಮಾರೂ ಮುಂದ ಅಳತಿದ್ದ," ಅಂದರು ಅಜ್ಜ. "ಇರ್ಲಿ. ಒಳಗ ಗುಂಡು?"

"ತುಂಬೀನ್ರಿ. ಖಾಲಿ ಇಟ್ಕೊಂಡು ಏನ ಮಾಡೂದ್ರಿ?"

"ಅದರ ಬಾಯಿ ಈಗ ಯಾರನ್ನ ನೋಡಾಕತ್ತೈತಿ?"

"ಯಾರನ್ನೂ ಇಲ್ರಿ. ಕಂಕುಳಾಗ ಐತಿ."

"ಮುಂದ ನೋಡಾಕತ್ತೈತೊ, ಹಿಂದ ನೋಡಾಕತ್ತೈತೊ?"

ಪರ್ವತಗೌಡ ಮುಟ್ಟಿ ನೋಡಿಕೊಂಡ. "ಹಿಂದರಿ."

"ಹಿಂದ ಯಾರದಾರ?"

ಹಿಂದೆ ದ್ಯಾಮವ್ವ ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದಳು. ಆಶ್ರಮದ ಅಡುಗೆಯೆಲ್ಲ ಅವಳದೇ.

"ಯವ್ವಾ!" ಅಂದಳು. "ನಾ ಏನ ಮಾಡೀನ್ರಿ ಗೌಡ್ರ? ಮಜ್ಜಿಗಿ ತಂದೀನಿ!"

ಪರ್ವತಗೌಡ ಗಾಬರಿಯಿಂದ ಅವಳತ್ತ ತಿರುಗಿ ಕೈಮುಗಿದ. ಅವನು ತಿರುಗಿದಂತೆ ಪಿಸ್ತೂಲೂ ತಿರುಗಿತು.

"ಈಗ ನನ್ನ ನೋಡಾಕತ್ತೈತಿ," ಅಂದರು ಅಜ್ಜ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು.

ಅವನು ಮತ್ತೆ ಅಜ್ಜನತ್ತ ತಿರುಗಿದ. ದ್ಯಾಮವ್ವ ಬೇವಿನ ಮರದ ಮರೆಗೆ ಓಡಿದಳು.

"ನಿಂತಲ್ಲೇ ನಿಂದ್ರಪಾ," ಅಂದರು ಅಜ್ಜ. "ನೀ ಹೀಂಗ ತಿರಗಿದ್ರ ಆಶ್ರಮ ಖಾಲಿ ಆಗ್ತೈತಿ."

ಅಜ್ಜ ಮುಂದೆ ಬಂದು ಪಿಸ್ತೂಲನ್ನು ತಾವೇ ತೆಗೆದರು. ಬಾಯಿಯನ್ನು ನದಿಯ ಮರಳಿನತ್ತ ತಿರುಗಿಸಿ ಗುಂಡುಗಳನ್ನು ಹೊರತೆಗೆದರು. ಒಳಗೆ ಬೆರಳಿಟ್ಟು ನೋಡಿದರು. ಇನ್ನೊಮ್ಮೆ ನೋಡಿದರು. ಎಪ್ಪತ್ತು ದಾಟಿದ ಕೈ ಸ್ವಲ್ಪವೂ ನಡುಗಲಿಲ್ಲ.

ಪಿಸ್ತೂಲು ಕಬ್ಬಿಣದ ಟ್ರಂಕು ಸೇರಿತು. ಗುಂಡುಗಳು ಬೇರೆ ಡಬ್ಬಿಗೆ ಹೋದವು.

"ಅಜ್ಜಾರ, ಯಮನಪ್ಪ ಬಂದ್ರ?"

ಅಜ್ಜ ಟ್ರಂಕಿನ ಹಿಂದೆ ಕೈಹಾಕಿ ಒಂದು ಹಸಿರು ಪ್ಲಾಸ್ಟಿಕ್ ಪಿಸ್ತೂಲು ತೆಗೆದರು. ಹೋಳಿಯಲ್ಲಿ ಯಾರೋ ಬಿಟ್ಟುಹೋದದ್ದು. ಅದರೊಳಗೆ ತೊಳೆದರೂ ಬೇಗ ಹೋಗದ ಕೆಂಪು ಬಣ್ಣದ ನೀರು ತುಂಬಿ ಮುಚ್ಚಳ ಬಿಗಿದರು.

"ಮೂರು ದಿನ ಇಲ್ಲೇ ಇರು, ಇದು ನಿನ್ನ ಕಂಕುಳಾಗ ಇರ್ಲಿ. ಯಮನಪ್ಪ ಬಂದ ಅನಿಸಿದಾಗೆಲ್ಲ ತಗದು ಹೊಡಿ."

"ಇದರಿಂದ ಏನ ಕಲೀತೀನ್ರಿ?"

"ಬಿಳೀ ಧೋತರ ಉಟ್ಕೊ," ಅಂದರು ಅಜ್ಜ.

ಮೊದಲ ಸಂಜೆ ಬೇವಿನ ಮರದ ಒಣಟೊಂಗೆಯೊಂದು ತಗಡಿನ ಮೇಲೆ ಬಿತ್ತು. ಢಬ್ ಎಂದಿತು.

ಪರ್ವತಗೌಡನ ಬಲಗೈ ಕೋಟಿನೊಳಗೆ ನುಗ್ಗಿತು. ಮೊದಲು ಗುಂಡಿ ಸಿಕ್ಕಿತು. ಆಮೇಲೆ ಪಟ್ಟಿ. ಆಮೇಲೆ ಅವನದೇ ಪಕ್ಕೆಲುಬು. ಕೊನೆಗೆ ಪಿಸ್ತೂಲು ಹೊರಬರುವಾಗ ಬೆರಳು ಅದರ ಕುದುರೆಯನ್ನು, ಅಂದರೆ ಟ್ರಿಗರನ್ನು, ಅದುಮಿತು.

ಎಡತೋಳೆಲ್ಲ ಕೆಂಪಾಯಿತು. ಎಡಗಡೆ ಕೂತು ಅಕ್ಕಿ ಆರಿಸುತ್ತಿದ್ದ ದ್ಯಾಮವ್ವನ ಸೆರಗೂ ಕೆಂಪಾಯಿತು.

"ಹೊಸಾ ಸೀರಿರಿ!" ಎಂದು ಅವಳು ಕೂಗಿದಳು. "ಯುಗಾದಿಗೆ ಉಟ್ಟಿದ್ದು!"

ಅಜ್ಜ ಬಂದು ಟೊಂಗೆಯನ್ನು ಎತ್ತಿ ತಿರುಗಿಸಿ ನೋಡಿದರು. ಅದರ ಮೇಲೆ ಒಂದು ಹನಿಯೂ ಇರಲಿಲ್ಲ.

ಮರುದಿನ ಊಟದ ಪಂಕ್ತಿಯಲ್ಲಿ ಹೊರಗೆ ಮೋಟರ್ ಸೈಕಲ್ಲಿನ ಸದ್ದಾಯಿತು. ಯಮನಪ್ಪನದೂ ಅಂಥದೇ ಗಾಡಿ. ಪರ್ವತಗೌಡ ಕೂತಲ್ಲಿಂದಲೇ ಎಳೆದ. ಎಡಕ್ಕೆ ಕೂತಿದ್ದ ನಿವೃತ್ತ ಪೋಸ್ಟ್‌ಮಾಸ್ತರರ ಅಂಗಿ, ಅವರ ಎಲೆಯ ಮೇಲಿನ ಹೋಳಿಗೆ, ಎರಡೂ ಕೆಂಪಾದವು.

ಮಾಸ್ತರರು ಹೋಳಿಗೆಯನ್ನೇ ನೋಡುತ್ತ ಕೂತರು.

"ಹಾಲಿನಾಂವ ಬಂದಾನ್ರಿ," ಎಂದು ದ್ಯಾಮವ್ವ ಬಾಗಿಲಿಂದ ಹೇಳಿದಳು.

ಅಂದು ಸಂಜೆ ಆಶ್ರಮದ ಆಕಳೂ ಕೆಂಪಾಯಿತು. ಅದು ಹಿಂದಿನಿಂದ ಬಂದು ಅವನ ಕೋಟು ನೆಕ್ಕಿದ್ದೇ ತಪ್ಪು.

ನದಿಗೆ ಸ್ನಾನಕ್ಕೆ ಹೋದಾಗ ಹೋಲ್‌ಸ್ಟರನ್ನು ಗಿಡಕ್ಕೆ ತೂಗುಹಾಕಬೇಕಾಯಿತು. ಪರ್ವತಗೌಡ ಸೊಂಟದ ನೀರಲ್ಲಿ ನಿಂತು ಗಿಡವನ್ನೇ ಕಾಯುತ್ತಿದ್ದ. ಒಮ್ಮೆಯೂ ಮುಳುಗಲಿಲ್ಲ.

"ಪ್ಲಾಸ್ಟಿಕ್ಕಿಗೆ ಇಷ್ಟು ಕಾವಲು," ಅಂದರು ಅಜ್ಜ. "ಖರೇದು ಇದ್ದಾಗ ಸ್ನಾನ ಹೆಂಗ ಮಾಡತಿದ್ದಿ?"

"ಬಾಗಲಾ ಹಾಕ್ಕೊಂಡು, ಬಚ್ಚಲಾಗ ಇಟ್ಕೊಂಡ್ರಿ."

"ನಿನ್ನ ಹೆಂಡತಿ?"

"ಆಕಿ ತವರಿಗೆ ಹೋಗ್ಯಾಳ್ರಿ." ಅವನು ನೀರನ್ನು ನೋಡುತ್ತ ಹೇಳಿದ. "ನಾ ಸೋಫಾದ ಮ್ಯಾಗ ಒರಗಿದಾಗ ಅದರ ಬಾಯಿ ಆಕಿ ಕಡೆ ಇರತಿತ್ತಂತ. ನಾ ನೋಡಿದ್ದಿಲ್ರಿ. ಆಕಿ ದಿನಾ ನೋಡತಿದ್ಲಂತ."

ಅಜ್ಜ ನೀರಿಗಿಳಿದು ಬಂದರು. ಅವನ ತಲೆಯ ಮೇಲೆ ಒಂದು ತಂಬಿಗೆ ನೀರು ಸುರಿದರು.

ಆಮೇಲೆ ಜಗಲಿಯ ಮೇಲೆ ಕೂತಾಗ ಪರ್ವತಗೌಡ ಕೇಳಿದ, "ಸೊಂಟಕ್ಕ ಕಟ್ಟಿದ್ರ ಹೆಂಗರಿ ಅಜ್ಜಾರ?"

"ಬಾಯಿ ನೆಲಾ ನೋಡ್ತೈತಿ. ಕಂಕುಳಿಗಿಂತ ಅದು ವಾಸಿ. ಕಾರಿನಾಗ ಕುಂತಾಂವಗ ಕಂಕುಳು ಸಲೀಸು, ಅದೂ ಖರೇ. ಆದ್ರ ತಗಿಯೂ ಮುಂದ ಅದು ಹಿಂದಿನವರನ್ನ ನೋಡಿ, ನಿನ್ನ ತೋಳು ನೋಡಿ, ಎಡಗಡಿಯವರನ್ನೆಲ್ಲ ನೋಡಿ, ಆಮ್ಯಾಲ ವೈರಿ ಕಡೆ ಬರ್ತೈತಿ. ಫೌಜಿನ್ಯಾಗ ಇದನ್ನ ಕಲಸಾಕ ನಾವು ತಿಂಗಳಗಟ್ಟಲೆ ತಗೋತಿದ್ವಿ. ನೀ ಎಷ್ಟು ದಿನಾ ಕಲತಿ?"

"ಅಂಗಡ್ಯಾಗ ಪಟ್ಟಿ ಹೆಂಗ ಕಟ್ಟೂದು ಅಂತ ತೋರಿಸಿದ್ರಿ."

"ಎರಡು ದಿನದಾಗ ಯಾರ್ಯಾರು ಸತ್ರು?"

ಪರ್ವತಗೌಡ ಬೆರಳು ಮಡಚಿದ. "ದ್ಯಾಮವ್ವ. ಪೋಸ್ಟ್‌ಮಾಸ್ತರು. ಆಕಳಾ. ನನ್ನ ಎಡಗೈ ಮೂರು ಸಲ."

"ಯಮನಪ್ಪ?"

"ಚೊಲೊ ಅದಾನ್ರಿ."

ಮೂರನೆಯ ದಿನ ಮುಂಜಾನೆ ಯಮನಪ್ಪ ಬಂದೇಬಿಟ್ಟ.

ಹಾಲಿನವನು ಊರಲ್ಲೆಲ್ಲ ಹೇಳಿದ್ದ: ಗೌಡರು ಆಶ್ರಮದಲ್ಲಿ ಕೂತು ದಿನಾ ಪಿಸ್ತೂಲು ತೆಗೆಯುವ ಪ್ರಾಕ್ಟೀಸು ಮಾಡುತ್ತಿದ್ದಾರೆ. ಅದು ಸುಳ್ಳೂ ಆಗಿರಲಿಲ್ಲ.

ಯಮನಪ್ಪನ ಮೈಮೇಲೂ ದಪ್ಪನೆಯ ಕೋಟು. ಬೆವರು ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಎಡಗಂಕುಳು ಉಬ್ಬಿತ್ತು. ಅವನ ಹಿಂದೆ, ಕೋಲೂರಿಕೊಂಡು, ಅವನ ತಾಯಿ ಗಂಗವ್ವ. ಮಗ ಬೇಡವೆಂದರೂ ಜಬರ್ದಸ್ತಿಯಿಂದ ಗಾಡಿ ಹತ್ತಿ ಬಂದಿದ್ದಳು.

ಅಂಗಳದಲ್ಲಿ ಇಬ್ಬರೂ ಎದುರುಬದುರಾದರು. ನಡುವೆ ಹತ್ತು ಹೆಜ್ಜೆ.

ಯಮನಪ್ಪ ಕಂಡದ್ದು ತೋಳಿನ ತುಂಬ ಕೆಂಪು ಮೆತ್ತಿದ ಪರ್ವತಗೌಡನನ್ನು. ಅವನ ಹಿಂದೆ ಕೆಂಪು ಸೆರಗಿನ ದ್ಯಾಮವ್ವ, ಕೆಂಪು ಅಂಗಿಯ ಮಾಸ್ತರರು, ಕೆಂಪು ಆಕಳು.

"ಎಲ್ಲಾರನ್ನೂ ಹೊಡದಾನೋ ಯಪ್ಪಾ!" ಎಂದು ಯಮನಪ್ಪ ಕಿರುಚಿ ಕೋಟಿನೊಳಗೆ ಕೈಹಾಕಿದ.

ಪರ್ವತಗೌಡನ ಕೈಯೂ ಹೋಯಿತು. ಮೂರು ದಿನದ ರೂಢಿಯಿಂದ ಅವನದು ಬೇಗ ಹೊರಬಂತು. ಯಮನಪ್ಪನದು ಬರಲಿಲ್ಲ. ಹಿಡಿಕೆ ಕೈಗೆ ಸಿಕ್ಕಿತ್ತು, ಆದರೆ ಪಟ್ಟಿ ಕೋಟಿನ ಅಸ್ತರಿಗೆ ಸಿಕ್ಕಿಹಾಕಿಕೊಂಡಿತ್ತು. ಅವನು ಹಲ್ಲು ಕಚ್ಚಿ ಜಗ್ಗತೊಡಗಿದ. ಎಡಕ್ಕೆ ವಾಲಿ, ಬಲಕ್ಕೆ ವಾಲಿ, ನಿಂತಲ್ಲೇ ಗಿರ್ರನೆ ಸುತ್ತಿದ.

ಅವನದು ಪ್ಲಾಸ್ಟಿಕ್ ಅಲ್ಲ.

ಪರ್ವತಗೌಡ ಯಮನಪ್ಪನ ಮುಖ ನೋಡಲಿಲ್ಲ. ಉಬ್ಬಿದ ಕಂಕುಳನ್ನು ನೋಡಿದ. ಅದರ ಬಾಯಿ ಎಲ್ಲಿ ನೋಡುತ್ತಿದೆ ಎಂದು ನೋಡಿದ. ಅಲ್ಲಿ ಗಂಗವ್ವ ಕೋಲೂರಿಕೊಂಡು ನಿಂತಿದ್ದಳು.

"ಯಮನ್ಯಾ, ಅಲುಗ್ಯಾಡಬ್ಯಾಡ!" ಎಂದು ಅವನು ಕೂಗಿದ ದನಿಗೆ ಆಕಳು ಕೂಡ ನಿಂತಿತು. "ಹಿಂದ ನಿಮ್ಮವ್ವ ಅದಾಳ! ಬೆರಳು ತಗಿ! ಕುದುರಿ ಮ್ಯಾಲಿಂದ ಬೆರಳು ತಗಿಯೋ!"

ಯಮನಪ್ಪ ಕಲ್ಲಾದ.

ಪರ್ವತಗೌಡ ತನ್ನದನ್ನು ಎಸೆದು ಓಡಿದ. ಗಂಗವ್ವನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದ. ಯಮನಪ್ಪನ ಎಡಮಗ್ಗುಲಿಗೆ ಬಂದು, ಬಾಯಿಗೆ ಅಡ್ಡ ಬಾರದ ಹಾಗೆ ನಿಂತು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಯಮನಪ್ಪನ ಹಲ್ಲು ಕಟಕಟ ಎನ್ನುತ್ತಿದ್ದವು.

"ಸಾಯ್ತೀನೇನೋ ಪರ್ವತಾ?"

"ಸುಮ್ನಿರು. ಉಸರಾಡು. ಭಾಳ ಉಸರಾಡಬ್ಯಾಡ."

ಅಷ್ಟರಲ್ಲಿ ಅಜ್ಜ ಬಂದು ಕೈ ನೀಡಿದರು. ಪಿಸ್ತೂಲನ್ನು ಮೆಲ್ಲಗೆ ಬಿಡಿಸಿಕೊಂಡು ಮರಳಿನತ್ತ ತಿರುಗಿಸಿ ಗುಂಡು ಹೊರತೆಗೆದರು.

ಒಂದು ಗುಂಡು ಆಗಲೇ ನಳಿಕೆಯೊಳಗೆ ಹೊಕ್ಕು ಕೂತಿತ್ತು. ಅಜ್ಜ ಅದನ್ನು ಅಂಗೈ ಮೇಲಿಟ್ಟು ಇಬ್ಬರಿಗೂ ತೋರಿಸಿದರು.

ಗಂಗವ್ವ ಮುಂದೆ ಬಂದಳು. ಕೋಲಿನಿಂದ ಮೊದಲು ಮಗನ ಮೊಣಕಾಲಿಗೆ ಒಂದು ಕೊಟ್ಟಳು. ಆಮೇಲೆ ಪರ್ವತಗೌಡನ ಮೊಣಕಾಲಿಗೂ ಒಂದು.

"ನನಗ್ಯಾಕಬೇ?" ಅಂದ ಪರ್ವತಗೌಡ.

"ಮೊದಲ ಕೋಟ್ ಹಾಕ್ಕೊಂಡಾಂವ ನೀನು! ನಿನ್ನ ಕೋಟ್ ನೋಡಿ ಇಂವ ಕೋಟ್ ಹೊಲಿಸಿದ. ಇಬ್ರಿಗೂ ಒಂದ ಗಂಗಾಳದಾಗ ಉಣಿಸೀನಿ, ಒಬ್ಬಗರೆ ಬುದ್ಧಿ ಹತ್ತಲಿಲ್ಲ!"

ದ್ಯಾಮವ್ವ ಮಜ್ಜಿಗೆ ತಂದಳು. ಇಬ್ಬರೂ ಕೋಟು ಕಳಚಿ ಜಗಲಿಯ ಮೇಲೆ ಕೂತರು. ಇಬ್ಬರ ಹೆಗಲ ಮೇಲೂ ಪಟ್ಟಿ ಉಜ್ಜಿ ಎದ್ದ ಕೆಂಪು ಬರೆ ಒಂದೇ ಥರ ಇತ್ತು. ಯಮನಪ್ಪ ತನ್ನ ಬರೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತೇನೆಂದ. ಪರ್ವತಗೌಡ ಬೆಣ್ಣೆ ಒಳ್ಳೆಯದೆಂದ. ಅದರ ಬಗ್ಗೆ ಸ್ವಲ್ಪ ಹೊತ್ತು ವಾದವಾಯಿತು.

ದಾರಿಯ ವಿಷಯಕ್ಕೆ ಅವರು ಮಧ್ಯಾಹ್ನದವರೆಗೆ ಕೂತರು. ಮೂರು ಸಲ ಒಬ್ಬರ ಮೇಲೊಬ್ಬರು ಕೂಗಾಡಿದರು. ಪ್ರತಿಸಲವೂ ದ್ಯಾಮವ್ವ ಅಭ್ಯಾಸಬಲದಿಂದ ಮರದ ಮರೆಗೆ ಹೋಗಿ ನಿಂತಳು. ಕೊನೆಗೆ ದಿನ ಬಿಟ್ಟು ದಿನ ಲಾರಿ ಬಿಡುವುದೆಂದು ಆಯಿತು. ಭಾನುವಾರ ಯಾರದು ಎಂಬುದು ಮಾತ್ರ ಬಗೆಹರಿಯಲಿಲ್ಲ.

ಎರಡೂ ಪಿಸ್ತೂಲುಗಳನ್ನು ತಾಲೂಕಿನ ಠಾಣೆಗೆ ಒಪ್ಪಿಸುವುದೆಂದು ಇಬ್ಬರೂ ಒಪ್ಪಿದರು. ಯಮನಪ್ಪ ತಾಯಿಯನ್ನು ಕೂರಿಸಿಕೊಂಡು ಮುಂದೆ ಹೊರಟ.

ಪರ್ವತಗೌಡ ಅಜ್ಜನ ಮುಂದೆ ಉದ್ದಕ್ಕೆ ಅಡ್ಡಬಿದ್ದ. ಎದ್ದ. ಹೋಗಲಿಲ್ಲ.

"ಏನಪಾ?"

"ಒಂದ ಮಾತ್ರಿ ಅಜ್ಜಾರ. ಮೂರು ದಿನಾ ಇದ್ದೆ. ಎಲ್ಲಾ ನೋಡಿದೆ. ತಿಳೀತು." ಅವನು ದನಿ ತಗ್ಗಿಸಿದ. "ಆದ್ರ ಎದ್ಯಾಗಿನ ಅಂಜಿಕಿ ಇನ್ನೂ ಪೂರಾ ಹೋಗಿಲ್ರಿ."

ಅಜ್ಜ ಅವನ ಎಡತೋಳಿನ ಮೇಲಿನ ಬಣ್ಣವನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು.

"ಇದ್ರ ಇರ್ಲಿ ಬಿಡು," ಅಂದರು. "ಅದಕ್ಕ ಗುಂಡು ತುಂಬಬ್ಯಾಡ, ಅಷ್ಟ."